ಇಂಪೀರಿಯಲ್ ಮರಳು ದಿಬ್ಬಗಳಲ್ಲಿ ಕ್ವಾಡ್ ವಾಹನದ ಚಾಲನೆ ಮತ್ತು ನಿರ್ವಹಣೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾ ರಾಜ್ಯದ ಆಗ್ನೇಯ ಮೂಲೆಯಲ್ಲಿ, ಮೆಕ್ಸಿಕೊ ಗಡಿಗೆ ಹೊಂದಿಕೊಂಡಂತೆ ಇಂಪೀರಿಯಲ್ ಮರಳು ದಿಬ್ಬಗಳ ಮನರಂಜನಾ ಪ್ರದೇಶವಿರುತ್ತದೆ. ಅಲ್ಗೊಡೋನ್ಸ್ ದಿಬ್ಬಗಳು ಎಂಬುದು ಇದರ ಇನ್ನೊಂದು ಹೆಸರು. ವಾಹನ ಪ್ರಿಯರು ಇದನ್ನು ಗ್ಲಾಮಿಸ್ ಎಂದೇ ಕರೆಯುವುದು ವಾಡಿಕೆ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರು ಹಾಗೂ ಅವರನ್ನು ಕಾಣಲು ಬರುವ ಬಂಧುಗಳು ಚಳಿಗಾಲದ ರಜಾದಿನಗಳಲ್ಲಿ ಇಲ್ಲಿ ಕ್ವಾಡ್ ವಾಹನ ಚಲಾಯಿಸಲು ಬಯಸಿದಲ್ಲಿ, ಪಡೆಯಬೇಕಾದ ಅನುಮತಿ, ಪಾಲಿಸಬೇಕಾದ ನಿಯಮ, ಚಾಲನೆಯ ಕ್ರಮ ಮತ್ತು ವಾಹನದ ನಿರ್ವಹಣೆಯ ಬಗ್ಗೆ ಈ ಕೆಳಗೆ ವಿವರಿಸಲಾಗಿದೆ.

ಈ ಮಾಹಿತಿಯನ್ನು ಓದುವವರು ಮೊದಲಿಗೆ ಒಂದು ಸಂಗತಿಯನ್ನು ಮನದಟ್ಟು ಮಾಡಿಕೊಳ್ಳತಕ್ಕದ್ದು. ಮರಳು ದಿಬ್ಬವನ್ನು ಏರುವವನಿಗೆ ಅದರ ಆಚೆ ಬದಿ ಕಾಣುವುದಿಲ್ಲ. ಆಚೆ ಬದಿಯಲ್ಲಿ ಕಡಿದಾದ ಇಳಿಜಾರು ಇರಬಹುದು, ಕೆಟ್ಟು ನಿಂತ ವಾಹನವಿರಬಹುದು, ಇಲ್ಲವೇ ಎದುರಿನಿಂದ ಏರಿ ಬರುತ್ತಿರುವ ಇನ್ನೊಬ್ಬ ಚಾಲಕನಿರಬಹುದು. ಇಲ್ಲಿ ಹೇಳಿರುವ ಬಹುಪಾಲು ನಿಯಮಗಳು ಹಾಗೂ ಮುನ್ನೆಚ್ಚರಿಕೆಗಳು ಈ ಒಂದು ಸಂಗತಿಯಿಂದಲೇ ಹುಟ್ಟಿದವುಗಳಾಗಿರುತ್ತವೆ.

2. ಪ್ರದೇಶದ ಪರಿಚಯ

ದಿಬ್ಬಗಳ ಸಾಲು ಸುಮಾರು 72 ಕಿ.ಮೀ. ಉದ್ದ ಮತ್ತು ಸುಮಾರು 10 ಕಿ.ಮೀ. ಅಗಲವಿದ್ದು, ಕೆಲವು ದಿಬ್ಬಗಳು 90 ಮೀಟರ್ ಎತ್ತರವನ್ನು ತಲುಪುತ್ತವೆ. ಪ್ರಾಚೀನ ಕಾಹುಯಿಲಾ ಸರೋವರದ ದಡದ ಮರಳನ್ನು ಗಾಳಿಯು ಹೊತ್ತು ತಂದು ಈ ದಿಬ್ಬಗಳನ್ನು ನಿರ್ಮಿಸಿದೆ ಎಂದು ಭೂವಿಜ್ಞಾನಿಗಳು ಅಭಿಪ್ರಾಯಪಡುತ್ತಾರೆ. ರಾಜ್ಯ ಹೆದ್ದಾರಿ 78 ದಿಬ್ಬಗಳನ್ನು ಅಡ್ಡಲಾಗಿ ಹಾಯ್ದು ಹೋಗುತ್ತದೆ. ದಕ್ಷಿಣ ಭಾಗದಲ್ಲಿ ಅಂತರರಾಜ್ಯ ಹೆದ್ದಾರಿ 8 ಹಾಯುತ್ತದೆ. ಪಶ್ಚಿಮಕ್ಕಿರುವ ಬ್ರಾಲಿ ಮತ್ತು ಎಲ್ ಸೆಂಟ್ರೊ ಸಮೀಪದ ಪಟ್ಟಣಗಳಾಗಿವೆ.

ಈ ಪ್ರದೇಶವು ಬಿ.ಎಲ್.ಎಂ. ಎಂದು ಕರೆಯಲ್ಪಡುವ ಕೇಂದ್ರ ಸರ್ಕಾರದ ಭೂ ನಿರ್ವಹಣಾ ಬ್ಯೂರೋದ ಎಲ್ ಸೆಂಟ್ರೊ ಕ್ಷೇತ್ರ ಕಚೇರಿಯ ಆಡಳಿತಕ್ಕೆ ಒಳಪಟ್ಟಿರುತ್ತದೆ. ಹೆದ್ದಾರಿ 78ರ ಉತ್ತರಕ್ಕಿರುವ ಉತ್ತರ ಅಲ್ಗೊಡೋನ್ಸ್ ದಿಬ್ಬಗಳ ಸಂರಕ್ಷಿತ ಅರಣ್ಯಧಾಮವು 1994ರ ಕ್ಯಾಲಿಫೋರ್ನಿಯಾ ಮರುಭೂಮಿ ಸಂರಕ್ಷಣಾ ಕಾಯಿದೆಯನ್ವಯ ರಚಿತವಾಗಿದ್ದು, ಅಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿರುವುದಿಲ್ಲ. ಕಾಲ್ನಡಿಗೆಯಲ್ಲಿ ಹೋಗಬಹುದು.

3. ಕ್ವಾಡ್ ವಾಹನ ಎಂದರೇನು

ಎ.ಟಿ.ವಿ. ಎಂದೂ ಕರೆಯಲಾಗುವ ಕ್ವಾಡ್, ನಾಲ್ಕು ದಪ್ಪ ಟೈರುಗಳ ಮೇಲೆ ಓಡುವ, ಮೋಟಾರು ಸೈಕಲ್ಲಿನಂತೆ ಕಾಲು ಹಾಕಿ ಕೂರುವ, ಹ್ಯಾಂಡಲಿನಿಂದ ತಿರುಗಿಸುವ ವಾಹನವಾಗಿರುತ್ತದೆ. ಭಾರತದಲ್ಲಿ 2018ರಲ್ಲಿ ಖಾಸಗಿ ಬಳಕೆಗೂ ಅವಕಾಶ ಕಲ್ಪಿಸಲಾದ ಕ್ವಾಡ್ರಿಸೈಕಲ್ ಎಂಬ ಛಾವಣಿಯುಳ್ಳ ಪುಟ್ಟ ರಸ್ತೆ ವಾಹನಕ್ಕೂ ಇದಕ್ಕೂ ಸಂಬಂಧವಿಲ್ಲ.

ಇದರ ಪೂರ್ವಜವಾದ ಮೂರು ಚಕ್ರದ ವಾಹನವು 1970ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಿತು. ಅದು ಮಗುಚಿ ಬೀಳುವ ಸ್ವಭಾವದ್ದಾದ್ದರಿಂದ ಅಪಘಾತಗಳು ಹೆಚ್ಚಿದವು. 1988ರಲ್ಲಿ ಸರ್ಕಾರದೊಂದಿಗೆ ಆದ ಒಪ್ಪಂದದನ್ವಯ ತಯಾರಕರು ಅದರ ಮಾರಾಟವನ್ನು ನಿಲ್ಲಿಸಿದರು. ನಾಲ್ಕನೆಯ ಚಕ್ರ ಬಂದ ಮಾತ್ರಕ್ಕೆ ಕ್ವಾಡ್ ಮಗುಚುವುದಿಲ್ಲವೆಂದು ಭಾವಿಸಬಾರದು. ವಯಸ್ಕರ ಕ್ರೀಡಾ ಮಾದರಿಯ ಕ್ವಾಡ್ ಸುಮಾರು 180ರಿಂದ 200 ಕೆ.ಜಿ. ತೂಗುತ್ತದೆ. ಅದು ಇಳಿಜಾರಿನಲ್ಲಿ ಹಿಮ್ಮುಖವಾಗಿ ಮಗುಚಿದಾಗ ಚಾಲಕನ ಮೇಲೆಯೇ ಬೀಳುತ್ತದೆ.

4. ಅನುಮತಿ ಮತ್ತು ನೋಂದಣಿ

ಸಾರ್ವಜನಿಕರು ಎರಡು ಪ್ರತ್ಯೇಕ ದಾಖಲೆಗಳ ನಡುವಿನ ವ್ಯತ್ಯಾಸವನ್ನು ಗಮನಿಸಬೇಕು.

ಅ) ಪ್ರದೇಶದ ಅನುಮತಿ ಪತ್ರ: ಪ್ರತಿ ವರ್ಷ ಅಕ್ಟೋಬರ್ 1ರಿಂದ ಏಪ್ರಿಲ್ 15ರವರೆಗಿನ ಋತುವಿನಲ್ಲಿ ಬಿ.ಎಲ್.ಎಂ. ಅನುಮತಿ ಪತ್ರವು ಕಡ್ಡಾಯ. ವಾರದ ಮತ್ತು ಇಡೀ ಋತುವಿನ ಪತ್ರಗಳು ದೊರೆಯುತ್ತವೆ. ಇದು ಕ್ವಾಡ್‌ಗೆ ಅಲ್ಲ, ತಾವು ಅಲ್ಲಿಗೆ ಬರುವ ರಸ್ತೆ ವಾಹನಕ್ಕೆ ಅನ್ವಯಿಸುತ್ತದೆ. ಪತ್ರವನ್ನು ಕಾರು ಅಥವಾ ಟ್ರಕ್ಕಿನ ಮುಂಗಾಜಿನ ಮೇಲೆ ಕಾಣುವಂತೆ ಅಂಟಿಸತಕ್ಕದ್ದು. ಶುಲ್ಕವು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುವುದರಿಂದ ಹೊರಡುವ ಮುನ್ನ ಬಿ.ಎಲ್.ಎಂ. ಪ್ರಕಟಿಸಿರುವ ದರವನ್ನು ಪರಿಶೀಲಿಸಿ, ಪತ್ರವನ್ನು ಮುಂಚಿತವಾಗಿಯೇ ಖರೀದಿಸುವುದು ಸೂಕ್ತ.

ಆ) ಕ್ವಾಡ್‌ನ ನೋಂದಣಿ: ಸ್ವಂತ ಕ್ವಾಡ್ ಹೊಂದಿರುವ ಕ್ಯಾಲಿಫೋರ್ನಿಯಾ ನಿವಾಸಿಗಳು ರಾಜ್ಯದ ಮೋಟಾರು ವಾಹನ ಇಲಾಖೆಯಲ್ಲಿ, ಅಂದರೆ ಡಿ.ಎಂ.ವಿ. ಕಚೇರಿಯಲ್ಲಿ ಅದನ್ನು ರಸ್ತೆಯೇತರ ವಾಹನವೆಂದು ನೋಂದಾಯಿಸಿ, ಗುರುತಿನ ಸ್ಟಿಕ್ಕರ್ ಪಡೆಯತಕ್ಕದ್ದು. ನೋಂದಣಿಯು ಎರಡು ವರ್ಷಗಳ ಅವಧಿಗೆ ಇರುತ್ತದೆ. ಹೊಸ ಕ್ವಾಡ್‌ಗೆ ಸಲ್ಲಿಸಬೇಕಾದ ದಾಖಲೆಗಳು:

– ಭರ್ತಿ ಮಾಡಿದ ಆರ್.ಇ.ಜಿ. 343 ನಮೂನೆಯ ಅರ್ಜಿ
– ತಯಾರಕರು ನೀಡಿದ ಮೂಲ ಪ್ರಮಾಣ ಪತ್ರ
– ಖರೀದಿಯ ರಶೀದಿ
– ನಿಗದಿತ ಶುಲ್ಕ ಮತ್ತು ಅನ್ವಯವಾಗುವ ತೆರಿಗೆ

ಬಳಸಿದ ಕ್ವಾಡ್ ಖರೀದಿಸುವವರು ಹಿಂದಿನ ಮಾಲೀಕರು ಸಹಿ ಮಾಡಿದ ಮಾಲೀಕತ್ವ ಪತ್ರವನ್ನು ಕೈಯಲ್ಲಿ ಪಡೆಯದೆ ಹಣ ಪಾವತಿಸಬಾರದು. ಬಾಡಿಗೆಗೆ ಪಡೆಯುವವರು ವಾಹನದ ಮೇಲೆ ಚಾಲ್ತಿಯಲ್ಲಿರುವ ಸ್ಟಿಕ್ಕರ್ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಇ) ಗುರುತಿನ ದಾಖಲೆ: ಪ್ರದೇಶವು ಅಂತರರಾಷ್ಟ್ರೀಯ ಗಡಿಗೆ ಸಮೀಪವಿರುವುದರಿಂದ ಗಡಿ ಕಾವಲು ಪಡೆಯವರು ವಾಹನಗಳನ್ನು ತಡೆದು ವಿಚಾರಿಸುವುದುಂಟು. 18 ವರ್ಷ ತುಂಬಿದ ವಿದೇಶೀಯರು ತಮ್ಮ ವಲಸೆ ನೋಂದಣಿಯ ಪುರಾವೆಯನ್ನು ಸದಾ ಜೊತೆಯಲ್ಲಿ ಇಟ್ಟುಕೊಳ್ಳುವುದು ಅಲ್ಲಿನ ಕಾನೂನಿನಂತೆ ಕಡ್ಡಾಯ. ವೀಸಾದ ಮೇಲೆ ಇರುವವರು, ಪ್ರವಾಸಕ್ಕೆ ಬಂದಿರುವ ತಂದೆ ತಾಯಿಯರೂ ಸೇರಿದಂತೆ, ದಾಖಲೆಗಳನ್ನು ಮನೆಯಲ್ಲಿ ಬಿಟ್ಟು ಬರಬಾರದು.

5. ಕಡ್ಡಾಯ ನಿಯಮಗಳು

1) ಹೆಲ್ಮೆಟ್: ಕ್ವಾಡ್ ಚಲಾಯಿಸುವ ಪ್ರತಿಯೊಬ್ಬರೂ ವಯಸ್ಸಿನ ಭೇದವಿಲ್ಲದೆ ಸುರಕ್ಷತಾ ಹೆಲ್ಮೆಟ್ ಧರಿಸತಕ್ಕದ್ದು.

2) ಬಾವುಟ: ವಾಹನಕ್ಕೆ ಬಾಗುವ ಕೋಲನ್ನು ಕಟ್ಟಿ, ಅದರ ತುದಿ ನೆಲದಿಂದ ಕನಿಷ್ಠ 8 ಅಡಿ ಎತ್ತರದಲ್ಲಿರುವಂತೆ ನೋಡಿಕೊಂಡು, ತುದಿಯಲ್ಲಿ ಕೆಂಪು ಅಥವಾ ಕಿತ್ತಳೆ ಬಣ್ಣದ, ಕನಿಷ್ಠ 6 ಅಂಗುಲ ಅಗಲ ಮತ್ತು 12 ಅಂಗುಲ ಉದ್ದದ ಬಾವುಟವನ್ನು ಹಾರಿಸತಕ್ಕದ್ದು. ದಿಬ್ಬದ ಆಚೆಯಿಂದ ಬರುವವನಿಗೆ ಚಾಲಕನ ತಲೆ ಕಾಣುವ ಮೊದಲು ಕಾಣುವುದು ಈ ಬಾವುಟ ಮಾತ್ರ. ಹರಿದ ಅಥವಾ ಬಿಸಿಲಿಗೆ ಬಿಳಿಚಿದ ಬಾವುಟವನ್ನು ಕೂಡಲೇ ಬದಲಿಸಬೇಕು.

3) ಸಹಪ್ರಯಾಣಿಕ: ಒಬ್ಬರಿಗಾಗಿ ತಯಾರಿಸಿದ ಕ್ವಾಡ್‌ನಲ್ಲಿ ಇಬ್ಬರು ಕೂರುವುದು ನಿಷಿದ್ಧ. ಮಗುವನ್ನು ಮುಂದೆ ಕೂರಿಸಿಕೊಂಡು ಹೋಗುವುದಕ್ಕೂ ವಿನಾಯಿತಿಯಿಲ್ಲ. ಕ್ವಾಡ್‌ನ ಉದ್ದನೆಯ ಆಸನವು ಚಾಲಕನು ತನ್ನ ಭಾರವನ್ನು ಹಿಂದಕ್ಕೂ ಮುಂದಕ್ಕೂ ಸರಿಸುವುದಕ್ಕೆ ಇರುವುದೇ ಹೊರತು ಇನ್ನೊಬ್ಬರಿಗಾಗಿ ಅಲ್ಲ.

4) ವೇಗ: ಶಿಬಿರ, ಜನ ಅಥವಾ ಪ್ರಾಣಿಗಳ ಗುಂಪಿನಿಂದ 50 ಅಡಿಯೊಳಗೆ ಗಂಟೆಗೆ 15 ಮೈಲಿ, ಅಂದರೆ ಸುಮಾರು 24 ಕಿ.ಮೀ. ವೇಗವನ್ನು ಮೀರಬಾರದು.

5) ಶಬ್ದ ಮತ್ತು ಕಿಡಿ: 1986ರ ಜನವರಿ 1ರಂದು ಅಥವಾ ನಂತರ ತಯಾರಾದ ವಾಹನದ ಶಬ್ದವು ನಿಗದಿತ ಪರೀಕ್ಷೆಯಲ್ಲಿ 96 ಡೆಸಿಬಲ್ ಮೀರುವಂತಿಲ್ಲ. ಸೈಲೆನ್ಸರ್‌ನಲ್ಲಿ ಕಿಡಿ ತಡೆಯುವ ಜಾಲರಿ ಇರತಕ್ಕದ್ದು.

6) ದೀಪ: ಸೂರ್ಯಾಸ್ತದ ಅರ್ಧ ಗಂಟೆಯ ನಂತರದಿಂದ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನವರೆಗೆ ದೀಪ ಬೆಳಗಿಸಿಯೇ ಚಲಾಯಿಸಬೇಕು.

7) ಮದ್ಯಪಾನ: ರಸ್ತೆಯಲ್ಲಿ ಅನ್ವಯಿಸುವ ಮದ್ಯಪಾನ ನಿಷೇಧದ ಕಾನೂನು ಮರಳಿನ ಮೇಲೂ ಅನ್ವಯಿಸುತ್ತದೆ. ರಕ್ತದಲ್ಲಿ ಮದ್ಯದ ಅಂಶ ಶೇ. 0.08 ತಲುಪಿದವರು ಶಿಕ್ಷಾರ್ಹರು.

8) ಅಪ್ರಾಪ್ತ ವಯಸ್ಕರು: 18 ವರ್ಷದೊಳಗಿನವರು ಸಾರ್ವಜನಿಕ ಭೂಮಿಯಲ್ಲಿ ಕ್ವಾಡ್ ಚಲಾಯಿಸಬೇಕಾದಲ್ಲಿ ಸುರಕ್ಷತಾ ತರಬೇತಿಯ ಪ್ರಮಾಣ ಪತ್ರ ಹೊಂದಿರಬೇಕು, ಇಲ್ಲವೇ ಅಂಥ ಪ್ರಮಾಣ ಪತ್ರವಿರುವ ವಯಸ್ಕರ ನೇರ ಮೇಲ್ವಿಚಾರಣೆಯಲ್ಲಿರಬೇಕು, ಇಲ್ಲವೇ ಮಾನ್ಯ ತರಬೇತುದಾರರ ಬಳಿ ತರಬೇತಿ ಪಡೆಯುತ್ತಿರಬೇಕು. 14 ವರ್ಷದೊಳಗಿನವರ ಜೊತೆಯಲ್ಲಿ ಇದಲ್ಲದೆ ತಂದೆ, ತಾಯಿ, ಪೋಷಕರು ಅಥವಾ ಅವರಿಂದ ಒಪ್ಪಿಗೆ ಪಡೆದ ವಯಸ್ಕರು ಹಾಜರಿದ್ದು ನೇರವಾಗಿ ಗಮನಿಸುತ್ತಿರತಕ್ಕದ್ದು.

6. ದಿಬ್ಬದ ರಚನೆಯನ್ನು ಅರಿಯುವುದು

ಗಾಳಿ ಬೀಸುವ ಬದಿಯಲ್ಲಿ ದಿಬ್ಬವು ನಿಧಾನವಾಗಿ ಏರುತ್ತದೆ ಮತ್ತು ಅಲ್ಲಿನ ಮರಳು ಗಟ್ಟಿಯಾಗಿರುತ್ತದೆ. ನೆತ್ತಿಯನ್ನು ದಾಟಿದ ಮರಳು ಆಚೆ ಬದಿಗೆ ಉದುರಿ, ಸುಮಾರು 34 ಡಿಗ್ರಿ ಕೋನದಲ್ಲಿ ನಿಲ್ಲುತ್ತದೆ. ಒಣ ಮರಳು ಇದಕ್ಕಿಂತ ಕಡಿದಾಗಿ ನಿಲ್ಲಲಾರದು. ಈ ಬದಿಯನ್ನು ಜಾರುಮುಖ ಎನ್ನಬಹುದು. ಇಂಪೀರಿಯಲ್ ದಿಬ್ಬಗಳಲ್ಲಿ ಚಳಿಗಾಲದ ಬಲವಾದ ಗಾಳಿಯು ವಾಯುವ್ಯದ ಕಡೆಯಿಂದ ಬೀಸುವುದರಿಂದ ಜಾರುಮುಖಗಳು ಹೆಚ್ಚಾಗಿ ಪೂರ್ವ ಮತ್ತು ಆಗ್ನೇಯಕ್ಕೆ ಇರುತ್ತವೆ. ಹೀಗಾಗಿ ಪಶ್ಚಿಮದಿಂದ ಪೂರ್ವಕ್ಕೆ ಹೋಗುವ ಚಾಲಕನಿಗೆ ಪ್ರತಿಯೊಂದು ಸುಲಭವಾದ ಏರಿನ ಕೊನೆಯಲ್ಲಿಯೂ ಒಂದು ಕಡಿದಾದ ಇಳಿಜಾರು ಕಾದಿರುವ ಸಂಭವವಿದೆ.

ದಿಬ್ಬವು ಸ್ಥಿರವಲ್ಲ. ಒಂದು ರಾತ್ರಿಯ ಬಿರುಗಾಳಿಯು ನೆತ್ತಿಯನ್ನು ಸರಿಸಿ, ಹಿಂದಿನ ದಿನ ಸುರಕ್ಷಿತವಾಗಿದ್ದ ದಾರಿಯನ್ನು ಕಡಿದಾದ ಅಂಚಾಗಿ ಮಾಡಬಹುದು. ಹಿಂದಿನ ದಿನದ ಚಕ್ರದ ಗುರುತನ್ನು ನಂಬಿ ವೇಗವಾಗಿ ಹೋಗಬಾರದು.

ಬೆಳಕಿನ ವಿಷಯವೂ ಮುಖ್ಯವಾದುದು. ಬೆಳಗ್ಗೆ ಮತ್ತು ಸಂಜೆ ನೆರಳುಗಳು ಉದ್ದವಾಗಿದ್ದು ಹಳ್ಳ ದಿಣ್ಣೆಗಳು ಸ್ಪಷ್ಟವಾಗಿ ಕಾಣುತ್ತವೆ. ನಡು ಮಧ್ಯಾಹ್ನ ಹಾಗೂ ಮೋಡ ಕವಿದಾಗ ನೆರಳು ಇಲ್ಲದೆ ಮರಳೆಲ್ಲ ಒಂದೇ ಬಣ್ಣವಾಗಿ, ಎದುರಿಗೇ ಇರುವ ಹಳ್ಳವೂ ಸಮತಟ್ಟಾಗಿ ಕಾಣುತ್ತದೆ. ಹೊಸಬರು ಅಂಥ ವೇಳೆಯಲ್ಲಿ ವಾಹನ ನಿಲ್ಲಿಸಿ ವಿಶ್ರಮಿಸುವುದು ಲೇಸು.

7. ಚಾಲನೆಯ ಕ್ರಮ

ಏರುವಾಗ: ಬುಡದಿಂದಲೇ ಸಾಕಷ್ಟು ವೇಗ ಪಡೆದು, ನೇರವಾಗಿ ಏರಬೇಕು. ಪಾದಗಳನ್ನು ಕಾಲುಮೆಟ್ಟಿನ ಮೇಲೆ ಊರಿ, ಎದ್ದು ನಿಂತು, ದೇಹದ ಭಾರವನ್ನು ಮುಂದಕ್ಕೆ ತರಬೇಕು.

ನೆತ್ತಿಯ ಬಳಿ: ನೆತ್ತಿಗೆ ಮುನ್ನ ವೇಗವನ್ನು ಇಳಿಸತಕ್ಕದ್ದು. ನೆತ್ತಿಯನ್ನು ತುಸು ಓರೆಯಾಗಿ ಸಮೀಪಿಸಿದಲ್ಲಿ ಆಚೆ ಬದಿಯನ್ನು ನೋಡಿದ ನಂತರವೂ ಅಂಚಿನ ಗುಂಟ ತಿರುಗಿಕೊಳ್ಳಲು ಅವಕಾಶವಿರುತ್ತದೆ. ಆಚೆ ಬದಿಯನ್ನು ಕಣ್ಣಾರೆ ಕಾಣದೆ ನೆತ್ತಿ ದಾಟಬಾರದು. ವಾಹನವನ್ನು ನೆತ್ತಿಯಿಂದ ಗಾಳಿಗೆ ಹಾರಿಸುವುದು ಅಪಾಯಕರ. ಹಾರಿದವನಿಗೆ ತಾನು ಯಾರ ಮೇಲೆ ಇಳಿಯುತ್ತೇನೆಂಬುದು ತಿಳಿಯದು.

ಏರಲು ಆಗದಿದ್ದಲ್ಲಿ: ಎಂಜಿನ್ ಸೋಲುತ್ತಿದೆ ಎಂದು ತಿಳಿದ ಕೂಡಲೇ, ಇನ್ನೂ ಚಲನೆಯಿರುವಾಗಲೇ, ಅಗಲವಾದ ತಿರುವು ತೆಗೆದುಕೊಂಡು ಬುಡದ ಕಡೆಗೆ ಇಳಿಯಬೇಕು. ವಾಹನವು ಇಳಿಜಾರಿನಲ್ಲಿ ಪೂರ್ತಿ ನಿಂತುಬಿಟ್ಟರೆ ಬ್ರೇಕ್ ಹಿಡಿದು, ಭಾರವನ್ನು ಮುಂದಕ್ಕೆ ಇರಿಸಿಕೊಂಡು, ಮೇಲ್ಭಾಗದ ಕಡೆಗೆ ಇಳಿಯಬೇಕು. ಹಿಂದಕ್ಕೆ ಉರುಳಲು ಬಿಡಬಾರದು. ವಾಹನವು ಮಗುಚಲು ಆರಂಭಿಸಿದರೆ ಅದನ್ನು ಹಿಡಿದು ನಿಲ್ಲಿಸಲು ಪ್ರಯತ್ನಿಸದೆ ದೂರ ಸರಿಯಬೇಕು.

ಇಳಿಯುವಾಗ: ಜಾರುಮುಖದಲ್ಲಿ ನೇರವಾಗಿ, ಭಾರವನ್ನು ಹಿಂದಕ್ಕೆ ಸರಿಸಿ ಇಳಿಯಬೇಕು. ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದರೆ ಮುಂದಿನ ಚಕ್ರಗಳು ಮರಳಿನಲ್ಲಿ ಹೂತು ವಾಹನ ತಲೆಕೆಳಗಾಗುತ್ತದೆ. ಇಳಿಜಾರಿಗೆ ಅಡ್ಡಲಾಗಿ ಚಲಿಸುವುದನ್ನು ಹೊಸಬರು ತಪ್ಪಿಸಬೇಕು.

ನಿಲ್ಲಿಸುವಾಗ: ದಿಬ್ಬದ ಮರೆಯಲ್ಲಿ, ವಿಶೇಷವಾಗಿ ಜಾರುಮುಖದ ಬುಡದಲ್ಲಿ, ನಿಲ್ಲಿಸಬಾರದು. ಎಲ್ಲ ದಿಕ್ಕಿನಿಂದಲೂ ಕಾಣುವ ಬಯಲಿನಲ್ಲಿ, ಮುಂದಿನ ಚಕ್ರಗಳು ಇಳಿಮುಖವಾಗಿರುವಂತೆ ನಿಲ್ಲಿಸಿದಲ್ಲಿ ಮತ್ತೆ ಹೊರಡುವುದು ಸುಲಭ. ವಾಹನವು ಮರೆಯಲ್ಲಿ ಕೆಟ್ಟು ನಿಂತರೆ, ಜೊತೆಯವರಲ್ಲಿ ಒಬ್ಬರು ನೆತ್ತಿಯ ಮೇಲೆ ಕಾಣುವಂತೆ ನಿಂತು, ಬಾವುಟ ಅಥವಾ ಬಣ್ಣದ ಬಟ್ಟೆ ಬೀಸಿ ಬರುವವರನ್ನು ಎಚ್ಚರಿಸಬೇಕು.

ಗುಂಪಿನಲ್ಲಿ: ಒಬ್ಬಂಟಿಯಾಗಿ ಹೋಗಬಾರದು. ಹಿಂದೆ ಬರುವವರು ಕಾಣುವಷ್ಟು ಅಂತರದಲ್ಲಿ ಸಾಗಿ, ಮುಂದಿನವನು ನೆತ್ತಿ ದಾಟಿ ಬದಿಗೆ ಸರಿಯುವವರೆಗೆ ಕಾಯಬೇಕು. ಥ್ಯಾಂಕ್ಸ್‌ಗಿವಿಂಗ್ ಮತ್ತು ಹೊಸ ವರ್ಷದ ರಜೆಗಳಲ್ಲಿ ಜನಸಂದಣಿ ವಿಪರೀತವಾಗಿರುವುದರಿಂದ, ಮೊದಲ ಸಲ ಬರುವವರು ಸಾಧಾರಣ ವಾರದ ದಿನಗಳನ್ನು ಆರಿಸಿಕೊಳ್ಳುವುದು ಉತ್ತಮ.

8. ವಾಹನದ ನಿರ್ವಹಣೆ

ಇಳಿಜಾರಿನ ಮಧ್ಯದಲ್ಲಿ ಎಂಜಿನ್ ನಿಂತರೆ ಆ ವಾಹನವೇ ಹಿಂದೆ ಬರುವವನಿಗೆ ಕಾಣದ ಅಡ್ಡಿಯಾಗುತ್ತದೆ. ಆದುದರಿಂದ ನಿರ್ವಹಣೆಯನ್ನು ಖರ್ಚಿನ ಬಾಬ್ತೆಂದು ಎಣಿಸದೆ ಸುರಕ್ಷತೆಯ ಭಾಗವೆಂದೇ ತಿಳಿಯಬೇಕು.

ಏರ್ ಫಿಲ್ಟರ್: ಮರಳಿನಲ್ಲಿ ಎಂಜಿನ್ ಕೆಡಲು ಮುಖ್ಯ ಕಾರಣ ಒಳನುಗ್ಗುವ ನುಣ್ಣನೆಯ ಧೂಳು. ಅದು ಪಿಸ್ಟನ್ ಮತ್ತು ಸಿಲಿಂಡರಿನ ಗೋಡೆಯನ್ನು ಸವೆಸುತ್ತದೆ. ಸ್ಪಂಜಿನ ಫಿಲ್ಟರನ್ನು ಪ್ರತಿದಿನದ ಚಾಲನೆಯ ನಂತರ ತೆಗೆದು ನೋಡಬೇಕು. ಬೆಂಕಿ ಹತ್ತದ ದ್ರಾವಣದಲ್ಲಿ ತೊಳೆದು, ಹಿಂಡದೆ ಒತ್ತಿ ನೀರು ತೆಗೆದು, ಪೂರ್ತಿ ಒಣಗಿಸಿ, ಫಿಲ್ಟರ್ ಎಣ್ಣೆ ಸವರಿ, ಕೂರುವ ಅಂಚಿಗೆ ಗ್ರೀಸ್ ಹಚ್ಚಿ ಕೂರಿಸಬೇಕು. ಪೆಟ್ರೋಲಿನಲ್ಲಿ ತೊಳೆಯಬಾರದು. ಒಂದು ಸಿದ್ಧಪಡಿಸಿದ ಫಿಲ್ಟರನ್ನು ಚೀಲದಲ್ಲಿ ಕಟ್ಟಿ ಜೊತೆಯಲ್ಲಿ ಒಯ್ಯುವುದು ಒಳ್ಳೆಯದು.

ಟೈರು: ಹಿಂದಿನ ಚಕ್ರಗಳಿಗೆ ಹುಟ್ಟಿನಂಥ ಪಟ್ಟಿಗಳಿರುವ ಪ್ಯಾಡಲ್ ಟೈರುಗಳನ್ನು ಬಳಸುವುದು ರೂಢಿ. ಗಾಳಿಯ ಒತ್ತಡ ಸಾಮಾನ್ಯವಾಗಿ 3ರಿಂದ 5 ಪಿ.ಎಸ್.ಐ. ಇರುತ್ತದೆ. ತಯಾರಕರು ಸೂಚಿಸಿದ ಕನಿಷ್ಠಕ್ಕಿಂತ ಇಳಿಸಿದಲ್ಲಿ ಟೈರು ರಿಮ್ಮಿನಿಂದ ಕಳಚಬಹುದು. ಕಾರಿನ ಒತ್ತಡ ಮಾಪಕವು ಇಷ್ಟು ಕಡಿಮೆ ಒತ್ತಡವನ್ನು ಸರಿಯಾಗಿ ತೋರಿಸದ ಕಾರಣ ಪ್ರತ್ಯೇಕ ಮಾಪಕ ಬೇಕು. ಎಡ ಬಲ ಚಕ್ರಗಳ ಒತ್ತಡ ಸಮನಾಗಿರಬೇಕು.

ಚೈನು: ಅಂಟಾದ ಎಣ್ಣೆ ಹಚ್ಚಿದ ಚೈನಿಗೆ ಮರಳು ಮೆತ್ತಿಕೊಂಡು ಅರದಂತೆ ಹಲ್ಲುಗಳನ್ನು ಸವೆಸುತ್ತದೆ. ಒಣಗುವ ಮೇಣದ ಮಾದರಿಯ ಎಣ್ಣೆ ಬಳಸಿ, ಹೆಚ್ಚಾದುದನ್ನು ಒರೆಸಬೇಕು. ಸಡಿಲವನ್ನು ಕೈಪಿಡಿಯಲ್ಲಿ ಹೇಳಿದಂತೆ ಸರಿಪಡಿಸಬೇಕು.

ತಂಪು ವ್ಯವಸ್ಥೆ: ಮರಳಿನಲ್ಲಿ ಎಂಜಿನ್ ಹೆಚ್ಚು ಶ್ರಮಿಸುವುದರಿಂದ ಬೇಗ ಕಾಯುತ್ತದೆ. ರೇಡಿಯೇಟರಿನ ಸಂದುಗಳಲ್ಲಿ ಸೇರಿದ ಮರಳನ್ನು ತೆಗೆದು, ಶೀತಕ ದ್ರವದ ಮಟ್ಟವನ್ನು ಎಂಜಿನ್ ತಣ್ಣಗಿರುವಾಗ ನೋಡಬೇಕು.

ಬ್ರೇಕ್, ಬೇರಿಂಗ್ ಮತ್ತು ನಟ್ಟುಗಳು: ಬ್ರೇಕ್ ಪ್ಯಾಡುಗಳ ದಪ್ಪ, ಚಕ್ರ ಮತ್ತು ಆಕ್ಸಲ್ ಬೇರಿಂಗಿನ ಅಲುಗಾಟ, ರಬ್ಬರು ಹೊದಿಕೆಗಳ ಬಿರುಕು ಹಾಗೂ ಚಕ್ರದ ನಟ್ಟುಗಳ ಬಿಗಿತವನ್ನು ಪ್ರತಿ ಸಲ ಹೊರಡುವ ಮುನ್ನ ಪರಿಶೀಲಿಸಬೇಕು. ಥ್ರಾಟಲ್ ಬಿಟ್ಟ ಕೂಡಲೇ ತಾನಾಗಿ ಹಿಂದಿರುಗಬೇಕು. ಮರಳು ಸೇರಿ ಸಿಕ್ಕಿಕೊಳ್ಳುತ್ತಿದ್ದರೆ ಆ ವಾಹನವನ್ನು ಚಲಾಯಿಸಬಾರದು.

ತೊಳೆಯುವುದು: ಅತಿ ಒತ್ತಡದ ನೀರನ್ನು ಬೇರಿಂಗ್ ಮತ್ತು ಸೀಲುಗಳ ಮೇಲೆ ನೇರವಾಗಿ ಹಾಯಿಸಿದರೆ ಮರಳು ಇನ್ನಷ್ಟು ಒಳಕ್ಕೆ ಹೋಗುತ್ತದೆ. ಸಾಧಾರಣ ಒತ್ತಡದ ನೀರಿನಿಂದ ತೊಳೆದು, ಒಣಗಿಸಿ, ಗ್ರೀಸ್ ತುಂಬಬೇಕು.

9. ತುರ್ತು ಸಂದರ್ಭ

ಸಹಾಯಕ್ಕೆ 911 ಸಂಖ್ಯೆಗೆ ಕರೆ ಮಾಡತಕ್ಕದ್ದು. ದಿಬ್ಬಗಳ ನಡುವೆ ಗುರುತು ಹೇಳಲು ಮರವಾಗಲಿ ರಸ್ತೆಯಾಗಲಿ ಇಲ್ಲದ ಕಾರಣ, ಫೋನಿನಲ್ಲಿ ಅಕ್ಷಾಂಶ ರೇಖಾಂಶಗಳನ್ನು ಓದಿ ಹೇಳುವುದನ್ನು ಮೊದಲೇ ಕಲಿತಿರಬೇಕು. ತಗ್ಗಿನಲ್ಲಿ ಸಂಕೇತ ಸಿಗದಿದ್ದರೆ ಎತ್ತರಕ್ಕೆ ಏರಿ ಪ್ರಯತ್ನಿಸಬೇಕು. ಗಾಯಾಳುವನ್ನು ಅನಗತ್ಯವಾಗಿ ಎತ್ತಬಾರದು, ಹೆಲ್ಮೆಟ್ ತೆಗೆಯಲು ಆತುರಪಡಬಾರದು. ಪ್ರತಿಯೊಬ್ಬರಿಗೂ ದಿನಕ್ಕೆ ಸುಮಾರು 4 ಲೀಟರ್ ಕುಡಿಯುವ ನೀರು ಇರಿಸಿಕೊಳ್ಳಬೇಕು. ಬೇಸಿಗೆಯಲ್ಲಿ ಇಲ್ಲಿನ ಉಷ್ಣತೆ 43 ಡಿಗ್ರಿ ಸೆಲ್ಸಿಯಸ್ ಮೀರುವುದರಿಂದ ಆ ಕಾಲದಲ್ಲಿ ಚಾಲನೆ ಯೋಗ್ಯವಲ್ಲ.

10. ಪರಿಸರ ಸಂರಕ್ಷಣೆ

ಪಿಯರ್ಸನ್ಸ್ ಮಿಲ್ಕ್‌ವೆಚ್ ಎಂಬ ಅವರೆ ಕುಟುಂಬದ ಅಪರೂಪದ ಗಿಡವು ಈ ದಿಬ್ಬಗಳಲ್ಲಿ ಬೆಳೆಯುತ್ತದೆ. 1998ರಲ್ಲಿ ಇದನ್ನು ಅಪಾಯದಲ್ಲಿರುವ ಪ್ರಭೇದವೆಂದು ಘೋಷಿಸಲಾಯಿತು. ಇದರ ರಕ್ಷಣೆಗಾಗಿ ಕೆಲವು ಭಾಗಗಳಲ್ಲಿ ವಾಹನ ಪ್ರವೇಶ ನಿರ್ಬಂಧಿಸಲಾಗಿದೆ. ಗಡಿ ಗುರುತಿನ ಕಂಬಗಳನ್ನು ದಾಟಬಾರದು. ಕಸವನ್ನು ತಂದವರೇ ಹಿಂದಕ್ಕೆ ಒಯ್ಯತಕ್ಕದ್ದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನನ್ನ ಬಳಿ ಭಾರತದ ಚಾಲನಾ ಪರವಾನಗಿ ಮಾತ್ರವಿದೆ. ಕ್ವಾಡ್ ಚಲಾಯಿಸಬಹುದೇ?
ಉತ್ತರ: ದಿಬ್ಬಗಳ ಮೇಲೆ ಕ್ವಾಡ್ ಚಲಾಯಿಸಲು ವಯಸ್ಕರಿಂದ ಚಾಲನಾ ಪರವಾನಗಿ ಕೇಳುವ ನಿಯಮ ಕ್ಯಾಲಿಫೋರ್ನಿಯಾದಲ್ಲಿಲ್ಲ. ಆದರೆ ಕ್ವಾಡನ್ನು ಹೆದ್ದಾರಿಯ ಮೇಲೆ ಓಡಿಸುವಂತಿಲ್ಲ. ರಸ್ತೆಯಲ್ಲಿ ಸ್ಕೂಟರ್ ಓಡಿಸಿದ ಅನುಭವವು ಮರಳಿನಲ್ಲಿ ನೆರವಾಗದು. ಎ.ಟಿ.ವಿ. ಸುರಕ್ಷತಾ ಸಂಸ್ಥೆಯ ತರಬೇತಿ ಪಡೆಯುವುದು ಅಪೇಕ್ಷಣೀಯ.

ಪ್ರಶ್ನೆ: ನನ್ನ 12 ವರ್ಷದ ಮಗನು ದೊಡ್ಡವರ ಕ್ವಾಡನ್ನು ನಿಧಾನವಾಗಿ ಚಲಾಯಿಸಬಹುದೇ?
ಉತ್ತರ: ಬೇಡ. ವಯಸ್ಕರ ಅಳತೆಯ ಕ್ವಾಡನ್ನು 16 ವರ್ಷದೊಳಗಿನವರು ಚಲಾಯಿಸಬಾರದೆಂದು ವಾಹನದ ಮೇಲಿನ ಎಚ್ಚರಿಕೆಯ ಚೀಟಿಯಲ್ಲಿಯೇ ನಮೂದಿಸಲಾಗಿರುತ್ತದೆ. ಮಗುವಿನ ವಯಸ್ಸಿಗೆ ತಕ್ಕ ಮಾದರಿಯನ್ನೇ ಆರಿಸಿ, 5ನೇ ಕಲಮಿನ 8ನೇ ನಿಯಮವನ್ನು ಪಾಲಿಸತಕ್ಕದ್ದು.

ಪ್ರಶ್ನೆ: ಭಾರತದಿಂದ ತಂದ ಪ್ರವಾಸ ವಿಮೆಯು ಕ್ವಾಡ್ ಅಪಘಾತಕ್ಕೆ ಅನ್ವಯಿಸುತ್ತದೆಯೇ?
ಉತ್ತರ: ಸಾಹಸ ಕ್ರೀಡೆಗಳನ್ನು ಹೊರತುಪಡಿಸುವ ಷರತ್ತು ಹಲವು ಪಾಲಿಸಿಗಳಲ್ಲಿರುತ್ತದೆ. ಹೊರಡುವ ಮುನ್ನ ವಿಮಾ ಕಂಪನಿಯಿಂದ ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು.

ಪ್ರಶ್ನೆ: ಊರಿಗೆ ಮರಳಿದ ಮೇಲೆ ಕರ್ನಾಟಕದ ಕಡಲತೀರದ ದಿಬ್ಬಗಳಲ್ಲಿ ಹೀಗೆ ಚಲಾಯಿಸಬಹುದೇ?
ಉತ್ತರ: ಚಲಾಯಿಸುವಂತಿಲ್ಲ ಎಂದೇ ತಿಳಿಯಬೇಕು. ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 39ರನ್ವಯ ನೋಂದಣಿಯಾಗದ ಮೋಟಾರು ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸಬಾರದು. ಇದಲ್ಲದೆ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ, 2019ರಲ್ಲಿ ಮರಳು ದಿಬ್ಬಗಳನ್ನು ಪರಿಸರ ಸೂಕ್ಷ್ಮ ಪ್ರದೇಶಗಳ ಸಾಲಿಗೆ ಸೇರಿಸಲಾಗಿದೆ.

ಸೂಚನೆ: ಮೇಲ್ಕಂಡ ವಿವರಗಳು ಸಾರ್ವಜನಿಕರ ಮಾಹಿತಿಗಾಗಿ ಮಾತ್ರ. ಶುಲ್ಕ, ದಿನಾಂಕ ಮತ್ತು ನಿರ್ಬಂಧಿತ ಪ್ರದೇಶಗಳ ಬಗ್ಗೆ ಬಿ.ಎಲ್.ಎಂ. ಹಾಗೂ ಡಿ.ಎಂ.ವಿ. ಹೊರಡಿಸುವ ಆದೇಶಗಳೇ ಅಂತಿಮ. ಹೊರಡುವ ಮುನ್ನ ಬಾವುಟ, ಹೆಲ್ಮೆಟ್, ಅನುಮತಿ ಪತ್ರ ಮತ್ತು ನೀರು ಈ ನಾಲ್ಕನ್ನು ಮತ್ತೊಮ್ಮೆ ಪರಿಶೀಲಿಸಿಕೊಳ್ಳಬೇಕಾಗಿ ಕೋರಲಾಗಿದೆ.